ಎರಡಕ್ಕೆರಡು

ಚೆಯ್ಯಂಡಾಣೆಯಲ್ಲಿ ಮಾರ್ಚ್ ತಿಂಗಳು.
ಊರಿಗೆ ಊರೇ ಮೋಡದ ಮೇಲೆ ಕಣ್ಣಿಟ್ಟು ಕೂತಿದೆ,
ಒಂದಿಂಚು ಹೂಮಳೆ ಬಿದ್ದರೆ ಸಾಕು ಎಂದು.
ನನ್ನೊಬ್ಬನಿಗೆ ಮಾತ್ರ ಆಕಾಶ ಬೋಳಾಗಿರಬೇಕು.
ಇದನ್ನು ಯಾರಿಗೂ ಹೇಳಿಲ್ಲ.

ದೇಚವ್ವನ ಕಾಫಿ ಕಣ ಖಾಲಿ, ಕೊನೆಯ ಮೂಟೆ ಹೋಗಿ ವಾರವಾಯಿತು.
ಸಿಮೆಂಟಿಗೆ ಇನ್ನೂ ಹಣ್ಣಿನ ಹುಳಿವಾಸನೆ.
ನಡುವೆ ಮುಕ್ಕಾಲಿ ನೆಟ್ಟು ದೂರದರ್ಶಕವನ್ನು
ಸಿಂಹರಾಶಿಯ ಹಿಂಗಾಲಿಗೆ ತಿರುಗಿಸಿದ್ದೇನೆ:
ಮೂರು ಗ್ಯಾಲಕ್ಸಿ, ಒಂದೇ ಚೌಕಟ್ಟು, ಐದೈದು ನಿಮಿಷ.

ದೊಡ್ಡ ಕ್ಯಾಮೆರಾ ರೆಪ್ಪೆ ಬಡಿಯದೆ ನೋಡುವಷ್ಟು ಹೊತ್ತೂ
ಸಣ್ಣದೊಂದು ಪಕ್ಕದಲ್ಲಿ ಕಾವಲಿರುತ್ತದೆ.
ಅದಕ್ಕೆ ಗ್ಯಾಲಕ್ಸಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.
ಒಂದು ನಕ್ಷತ್ರ ತೋರಿಸಿದರೆ ಅದನ್ನೇ ಹಿಡಿದು ಕೂತು
ಕೂದಲೆಳೆ ಸರಿದರೂ ಮೋಟರಿಗೆ ದೂರು ಹೇಳುತ್ತದೆ.

ಹೋದ ವರ್ಷ ಅದಕ್ಕೆ ತನ್ನದೇ ಪುಟ್ಟ ಕೊಳವೆಯಿತ್ತು.
ಆಗ ನಕ್ಷತ್ರವೆಂದರೆ ಸಾಸಿವೆ, ಒಂದೋ ಎರಡೋ ಪಿಕ್ಸೆಲ್.
ಬಿನ್ನಿಂಗ್ ಒಂದಕ್ಕೊಂದು, ಎರಡನೇ ಮಾತಿಲ್ಲ.
ಈ ವರ್ಷ ದೊಡ್ಡದರ ಅಂಚಿನಲ್ಲೇ
ಚೂರು ಪ್ರಿಸಂ ಇಟ್ಟು ಬೆಳಕು ಕದಿಯುತ್ತೇನೆ.
ಚುಕ್ಕಿ ಈಗ ನೀರಿಗೆ ಬಿದ್ದ ಎಣ್ಣೆಹನಿ,
ಹರಡಿ, ಮಂಕಾಗಿ, ಅಂಚೇ ಇಲ್ಲದೆ.
ಸಿಂಹದಲ್ಲಿ ಮೊದಲೇ ಚುಕ್ಕಿ ವಿರಳ.
ಪರದೆಯ ತುಂಬ ಅಕ್ಕಿಹಿಟ್ಟು ಉದುರಿದ ಹಾಗೆ ಗದ್ದಲ.
ಇದು ನಕ್ಷತ್ರವೋ, ಹಿಟ್ಟೋ?

ಸೊಸೈಟಿಯಲ್ಲಿ ನಾನು ತೂಕ ಬರೆಯುವವನು.
ಪೊನ್ನಕ್ಕನ ಎರಡು ಮೂಟೆ, ಮೊಯ್ದುವಿನ ಒಂದೂವರೆ,
ಬಿಡಿಬಿಡಿಯಾಗಿ ತಂದರೆ ವ್ಯಾಪಾರಿ ತಿರುಗಿಯೂ ನೋಡುವುದಿಲ್ಲ.
ನಾಲ್ಕು ಮನೆಯದು ಒಂದೇ ರಾಶಿಗೆ ಸುರಿದರೆ
ಲೋಡು ಅನ್ನುವ ಹೆಸರು ಬರುತ್ತದೆ, ರೇಟು ಬರುತ್ತದೆ.
ಯಾರ ಕಾಳು ಯಾವುದು ಎನ್ನುವುದು ಅಲ್ಲಿಗೆ ಮುಗಿಯಿತು,
ಬೆರೆತದ್ದನ್ನು ನನ್ನ ಲೆಡ್ಜರೂ ಬೇರೆ ಮಾಡದು.

ಇಲ್ಲೂ ಅದೇ. ನಾಲ್ಕು ಪಿಕ್ಸೆಲ್ ಕೂಡಿಸಿದರೆ
ಬೆಳಕು ನಾಲ್ಕು ಪಟ್ಟು, ಗದ್ದಲ ಎರಡೇ ಪಟ್ಟು.
ಕಳೆಯುವುದು ನವಿರು.
ಎಣ್ಣೆಹನಿಗೆ ಎಲ್ಲಿಯ ನವಿರು?
ಮೊನ್ನೆಯಿಂದ ಇದನ್ನೇ ಮಗುಚಿ ಹಾಕಿ ಹಾಕಿ
ಇವತ್ತು ಎರಡಕ್ಕೆರಡು ಒತ್ತಿದೆ.

ಹಳೇ ಡಾರ್ಕ್ ಫ್ರೇಮು ಹೊಂದುವುದಿಲ್ಲ ಎಂದಿತು ಲ್ಯಾಪ್‌ಟಾಪು.
ಮುಚ್ಚಳ ಹಾಕಿ ಬರೀ ಕತ್ತಲೆಯನ್ನು
ಮತ್ತೆ ಇಪ್ಪತ್ತು ಸಲ ತೆಗೆದೆ.
ಆಮೇಲೆ ಬಂತು,
ಬೂದಿ ಕೆದಕಿದಾಗ ಸಿಕ್ಕ ಕೆಂಡದ ಹಾಗೆ, ಒಂದು ಚುಕ್ಕಿ.
ಕೆಂಪು ಗೆರೆ, ನೀಲಿ ಗೆರೆ, ಎರಡೂ
ಸೊನ್ನೆಯ ಅಕ್ಕಪಕ್ಕ ಉಸಿರಾಡುತ್ತ ನಿಂತವು.

ಹನ್ನೊಂದೂಕಾಲಿಗೆ ದೇಚವ್ವ ಶಾಲು ಹೊದ್ದು ಬಂದರು.
"ಸಿಕ್ಕಿತಾ?"
"ಈಗಷ್ಟೇ."
ಅವರು ಪರದೆ ನೋಡಲಿಲ್ಲ. ತಡಿಯಂಡಮೋಳ್ ಕಡೆ ಮುಖವೆತ್ತಿ
ಗಾಳಿಯನ್ನು ಮೂಸಿದರು.

ಎರಡನೇ ಫ್ರೇಮಿನ ಮೂರನೇ ನಿಮಿಷಕ್ಕೆ ಲ್ಯಾಪ್‌ಟಾಪು
ಕೂಗತೊಡಗಿತು: ನಕ್ಷತ್ರ ಇಲ್ಲ, ನಕ್ಷತ್ರ ಇಲ್ಲ.
ಇನ್ನೆಷ್ಟು ಕೂಡಿಸಿದರೂ ಸೊನ್ನೆ ಸೊನ್ನೆಯೇ.
ಮೊದಲ ಹನಿ ಕೀಬೋರ್ಡಿನ ಮೇಲೆ ಬಿತ್ತು.
ಎರಡನೆಯದು ದೇಚವ್ವನ ಹಣೆಗೆ, ಅವರು ಒರೆಸಿಕೊಳ್ಳಲಿಲ್ಲ.
ಒಂದು ತುದಿ ಅವರು, ಒಂದು ತುದಿ ನಾನು,
ಕಾಫಿ ಮುಚ್ಚುವ ಟಾರ್ಪಾಲನ್ನೇ ದೂರದರ್ಶಕಕ್ಕೆ ಹೊದಿಸಿದೆವು.
"ನಿನ್ನದಕ್ಕೆ ಏನೂ ಆಗಲಿಲ್ಲ ತಾನೆ?" ಎಂದರು,
ನಗು ಅಡಗಿಸಲು ಬಾರದೆ.

ಉಳಿದದ್ದು ಒಂದೇ ಫ್ರೇಮು.
ಅದರಲ್ಲಿ ಚುಕ್ಕಿಗಳೆಲ್ಲ ದುಂಡಗಿವೆ.