ಐದನೇ ಗುಂಡಿ

ಹೊಸಂಗಡಿಯ ರೈಲು ಗೇಟು ಬಿದ್ದರೆ
ನನ್ನ ಅಂಗಡಿ ತುಂಬ ಜನ.
ಹೊಲಿಸುವವರಲ್ಲ, ನೆರಳಿಗೆ ನಿಂತವರು.
ಅವರನ್ನು ಸರಿಸಿಕೊಂಡು ಬಂದಳು ಜಸಿಂತಾ,
ನೀಲಿ ಕೋಟನ್ನು ಮಡಚದೆ ತೋಳಿಗೆ ಹಾಕಿಕೊಂಡು.

"ಐತಪ್ಪಣ್ಣ, ಒಂದು ಗುಂಡಿ ಬಿದ್ದುಹೋಗಿದೆ.
ನಾಳೆ ಇದನ್ನು ವಾಪಸು ಕೊಡ್ಲಿಕ್ಕುಂಟು."

ವಾಪಸು ಯಾಕೆ ಅಂತ ಕೇಳಲಿಲ್ಲ.
ಪೇಪರಿನಲ್ಲಿ ಬಂದಿತ್ತು: ವಿಮಾನ ಕಂಪೆನಿಗೆ ನಷ್ಟ,
ಎಣ್ಣೆಗೆ ರೇಟು, ಮುನ್ನೂರು ಜನ.
ಮುನ್ನೂರು ಅಂದರೆ ನನ್ನ ತಲೆಗೆ ಹೋಗುವುದಿಲ್ಲ.
ನನ್ನ ಟೇಪು ಅರುವತ್ತಕ್ಕೆ ಮುಗಿಯುತ್ತದೆ.

ಅಳತೆ ಪುಸ್ತಕದಲ್ಲಿ ಇವಳಿಗೆ ಎರಡು ಪುಟ,
ಹನ್ನೊಂದು ವರ್ಷ.
ಮೊದಲ ಸಲ ಸೊಂಟ ಇಪ್ಪತ್ತೆಂಟು.
ಕಂಪೆನಿಯ ಹೊಲಿಗೆ ಯಾರ ಮೈಗೂ ಅಲ್ಲದ್ದು, ಹಿಡಿದು ಕೊಟ್ಟೆ.
ಮದುವೆಯ ಮರುವರ್ಷ ಅರ್ಧ ಇಂಚು ಬಿಟ್ಟೆ.
ಹುಡುಗ ಹುಟ್ಟಿದ ಮೇಲೆ ಮೂರು.
ಆಮೇಲೊಂದು ವರ್ಷ, ಏನಾಗಿತ್ತೋ, ಪೂರಾ ಹಿಡಿದೆ.
ಇನ್ನು ಬಿಡಲು ಒಳಗೆ ಬಟ್ಟೆ ಇಲ್ಲ ಅಂತ
ಹೋದ ತೆನೆಹಬ್ಬಕ್ಕೆ ಹೇಳಿದ್ದೂ ನಾನೇ.

ಮೂರೂವರೆಗೆ ಎದ್ದು, ಗಂಡನ ಸ್ಕೂಟರಿನಲ್ಲಿ ತಲಪಾಡಿ ದಾಟಿ,
ಬಜ್ಪೆಯ ಕೌಂಟರಿನಲ್ಲಿ ಪೆಟ್ಟಿಗೆ ತೂಗುವ ಕೆಲಸ.
ಉಪ್ಪಳದವರು, ಕುಂಬಳೆಯವರು
ಉದ್ದ ಸಾಲಾದರೂ ಇವಳೆದುರೇ ನಿಲ್ಲುತ್ತಿದ್ದರಂತೆ:
ತುಳು, ಬ್ಯಾರಿ, ಮಲಯಾಳ, ಕೊಂಕಣಿ, ಕನ್ನಡ,
ಯಾವುದರಲ್ಲಿ ಅಂಗಲಾಚಿದರೂ ತಿಳಿಯುತ್ತದಲ್ಲ.
ಎರಡು ಕಿಲೋ ಹೆಚ್ಚಾದರೆ ಬೇರೆ ಕಡೆ ನೋಡುತ್ತಿದ್ದಳು.
ಒಣಮೀನು, ಹಪ್ಪಳ,
ಒಬ್ಬನ ಪೆಟ್ಟಿಗೆಯಲ್ಲಿ ಅರೆಯುವ ಕಲ್ಲೇ ಇತ್ತಂತೆ.
ಈಗ ಅಲ್ಲಿ ಯಂತ್ರ.
ಅದಕ್ಕೆ ಬೇರೆ ಕಡೆ ನೋಡಲು ಬರುವುದಿಲ್ಲ.

ಮೊಬೈಲಿನಲ್ಲಿ ಪಟ್ಟಿ ತೋರಿಸಿದಳು:
ಕೋಟು ಎರಡು, ಸ್ಕರ್ಟು ಮೂರು,
ಕುತ್ತಿಗೆಯ ವಸ್ತ್ರ, ಎದೆಯ ಮೇಲಿನ ಹೆಸರು.
ಗುಂಡಿ ಕಡಿಮೆಯಿದ್ದರೆ ಒಂದಕ್ಕೆ ಆರುನೂರ ಐವತ್ತು,
ಕೊನೆಯ ಸಂಬಳದಿಂದ.

ಗುಂಡಿಯ ಮೇಲೊಂದು ಹಕ್ಕಿ, ಬಲಕ್ಕೆ ಹಾರುವುದು.
ಹಂಪನಕಟ್ಟೆ ಸುತ್ತಿದರೂ ಸಿಗದು.
ಬಿಸ್ಕಿಟ್ ಡಬ್ಬಿ ಸುರಿದೆ.
ತಳದಲ್ಲಿ ಕುಂಜತ್ತೂರಿನ ಮುನೀರನ ಕೋಟಿನದೊಂದು.
ಅವನ ಕಂಪೆನಿ ಒಂದೇ ರಾತ್ರಿಗೆ ಮುಳುಗಿ
ಕೋಟು ವಾಪಸು ಕೇಳಲೂ ಯಾರೂ ಉಳಿದಿರಲಿಲ್ಲ;
ಅಕ್ಕನ ಮಗನಿಗೆ ಸಣ್ಣದು ಮಾಡಿಸಿಕೊಂಡು ಹೋಗಿದ್ದ.
ಅದೇ ನೀಲಿ, ಅದೇ ಗಾತ್ರ.
ಹಕ್ಕಿ ಮಾತ್ರ ಎಡಕ್ಕೆ.

"ನೋಡಿದರೆ?" ಅಂದಳು.
"ಅವರು ಎಣಿಸುವುದು. ಎಣಿಸುವವರು ನೋಡುವುದಿಲ್ಲ."

ಹಾಗೆ ಹೇಳಿದವನಿಗೆ ಸೂಜಿಯ ಕಣ್ಣು ಸಿಗಲಿಲ್ಲ.
ದಾರ ಪೋಣಿಸಿ ಕೊಡಲು ಈಗ ಹುಡುಗನಿಲ್ಲ.
ಚನಿಯ, ಏಳು ವರ್ಷ ಕಾಜ ಹಾಕಿದವನು.
ರೆಡಿಮೇಡ್ ಬಂದು ಕೆಲಸ ಅರ್ಧವಾದ ಆಟಿ ತಿಂಗಳಲ್ಲಿ
ನಾನು ಪತ್ರ ಬರೆಯಲಿಲ್ಲ, ಪಟ್ಟಿ ಕೊಡಲಿಲ್ಲ.
"ಸೋಮವಾರ ಬರುವುದು ಬೇಡ" ಅಂದೆ, ಅಷ್ಟೇ.
ಕತ್ತರಿಯನ್ನು ಅದರ ಜಾಗದಲ್ಲೇ ಇಟ್ಟು ಹೋದ.
ಆ ಸಂಜೆ ನಾನು ಕತ್ತರಿಗಳನ್ನು ಎಣಿಸಿದ್ದೆ.

ಮೂರನೇ ದಿನ ಜಸಿಂತಾ ಬಂದಳು,
ಇಪ್ಪತ್ತು ರೂಪಾಯಿ ಬಾಕಿ ಕೊಡಲು.
ಸ್ಟೋರಿನಲ್ಲಿ ಗುಂಡಿ ಎಣಿಸುತ್ತಿದ್ದ ಸಂಕಪ್ಪ ರೈಗಳಿಗೂ
ಅದೇ ಬೆಳಿಗ್ಗೆ ಪತ್ರ ಬಂದಿತ್ತಂತೆ. ಬಾಗಿಲಿಗೆ ಬೀಗ.
ರಟ್ಟಿನ ಪೆಟ್ಟಿಗೆ ತೋರಿಸಿ
"ಅದರಲ್ಲಿ ಹಾಕಿ" ಅಂದನಂತೆ ಕಾವಲಿನವನು.
ರಶೀದಿ ಕೇಳಿದರೆ ಪಾಪ, ಅವನಿಗೇ ನಾಚಿಕೆ.
ನೀಲಿ ರಾಶಿಯ ಮೇಲೆ ತನ್ನದನ್ನು ಹಾಕಿ
ನಾಲ್ಕು ಹೆಜ್ಜೆ ಬಂದವಳು
ತಿರುಗಿ ಹೋಗಿ, ಹಲ್ಲಿನಲ್ಲಿ ದಾರ ಕಡಿದು,
ಎಡಕ್ಕೆ ಹಾರುವುದನ್ನು ಕಿತ್ತು ತಂದಿದ್ದಾಳೆ.
"ನಿಮ್ಮದಲ್ವಾ ಇದು. ಇಟ್ಟುಕೊಳ್ಳಿ,
ಯಾರಿಗಾದರೂ ಬೇಕಾದೀತು."

ಗೇಟು ಬಿತ್ತು. ನೆರಳಿಗೆ ಜನ ಬಂದರು.
ಗುಂಡಿಯನ್ನು ಡಬ್ಬಿಗೆ ಹಾಕಿದೆ.

ಚನಿಯನ ನಂಬರು ಮಿಷನಿನ ಹಿಂದಿನ ಗೋಡೆಯಲ್ಲಿ
ಸೀಮೆಸುಣ್ಣದಲ್ಲಿ ಬರೆದದ್ದು ಈಗಲೂ ಉಂಟು.
ಕೊನೆಯ ಎರಡಂಕಿ
ನನ್ನದೇ ಬೆನ್ನು ತಾಗಿ ಅಳಿಸಿದೆ.