ಮಾವ ಸಹಿ ಕಲಿತದ್ದು

ಗುಳೇದಗುಡ್ಡದ ನೇಕಾರರ ಸೊಸೈಟಿಯವರು
ಮತದಾರರ ಪಟ್ಟಿ ಅಂಟಿಸ್ಯಾರ,
ಒಳಗಿನ ಗ್ವಾಡಿಗೆ. ಬಾಗಲಕ್ಕ ಕೀಲಿ.
ಕಿಟಕಿ ಗಾಜಿನ ಧೂಳ ಸೆರಗಿಲೆ
ಅಂಗೈಯಷ್ಟು ಒರಸಿ, ಹಣಿ ಹಚ್ಚಿ ಓದಿದೆ:
ಇನ್ನೂರಾ ಹನ್ನೆರಡು, ನೀಲವ್ವ ರಾಚಪ್ಪ ಚಿಲ್ಲಾಳ.
ಮ್ಯಾಲ ಕೆಂಪು ಗೀಟು.
ಅನರ್ಹ. ಮಹಾಸಭೆಗೆ ಹಾಜರಿಲ್ಲ.

ಹಾಜರಿದ್ದೆ.
ಉಪ್ಪಿಟ್ಟಿಗೆ ಉಪ್ಪ ಹೆಚ್ಚಾಗಿತ್ತು.
ಹೆಣ್ಮಕ್ಕಳ ಸಾಲಿಗೆ ಚಹಾ ಮುಟ್ಟೂದ್ರಾಗ ಕಪ್ಪು ಮುಗದಿದ್ದವು.
ಹಾಜರಿ ಪುಸ್ತಕ ಮುಂದಿನ ಖುರ್ಚಿ ದಾಟಿ
ಹಿಂದಿನ ಜಮಖಾನಕ್ಕ ಬರಲೇ ಇಲ್ಲ.
"ನಾ ಬರಕೋತೀನಿ ಬಿಡಬೇ" ಅಂದಿದ್ದ
ಕಾರಕೂನ ಹುಚ್ಚೇಶ.
ಬರಕೊಂಡಾನ.

ಖಣ ನೇಯೂ ಮನಿ ನಮ್ಮದು.
ಮಡಚೂ ಮೊದಲ ಬೆಳಕಿಗೆ ಹಿಡಿತೀವಿ;
ಒಂದ ಎಳಿ ತಪ್ಪಿದ್ರ ಅಲ್ಲೇ ಬಿಸಿಲು ಹಣಿಕಿ ಹಾಕತೈತಿ.
ಆ ಪಟ್ಟೀನ ಯಾರೂ ಬೆಳಕಿಗೆ ಹಿಡದಿರಲಿಲ್ಲ,
ನಾನೂ.

ಆಕ್ಷೇಪಣೆಗೆ ಕಡೀ ದಿನ ಸೋಮವಾರ.
ಬಾದಾಮಿಯಿಂದ ಬಂದ ಅಧಿಕಾರಿ ಸಣ್ಣ ಹುಡುಗ,
ಕಿಸೆಯಾಗ ಎರಡು ಪೆನ್ನು.
"ನಿಮ್ಮದೊಂದು ಹೆಸರು ಸೇರಿಸೋಣ್ರಿ ಅಕ್ಕಾರ,
ಮನೀ ಮಾತು ಮನ್ಯಾಗ ಮುಗೀಲಿ"
ಅಂದ್ರು ಅಧ್ಯಕ್ಷರು. ಮಾತಿಗೆ ಯಾಲಕ್ಕಿ ವಾಸನಿ.
ನನ್ನದಷ್ಟ ಬ್ಯಾಡ, ಅಂದೆ.
ಪಟ್ಟಿ ಓದಸ್ರಿ. ಕಟ್ಟಿ ಮ್ಯಾಲ ನಿಂತು, ದನಿ ತಗದು,
ಮಗ್ಗದ ತಗ್ಗಿನ್ಯಾಗ ಕುಂತವರಿಗೂ ಕೇಳೂಹಂಗ.

ಹುಚ್ಚೇಶ ಓದಿದ.
ಓಣ್ಯಾಗ ಲಾಳಿ ಒಂದೊಂದ ನಿಂತವು.
"ಸಾಂಬಪ್ಪ ಕೆರೂರ..."
"ಅವ ಇಚಲಕರಂಜಿಗೆ ಹೋಗಿ ಹದಿನೆಂಟ ವರ್ಷಾತು!"
"ದಾನವ್ವ ಹೊಸಮನಿ..."
"ಆಕೀ ಮಣ್ಣಿಗೆ ನಾನ ಹೋಗಿದ್ದೆ."
ಇನ್ನೊಂದ ಹೆಸರಿಗೆ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದರು;
ಅಂಥಾವ ಈ ಊರಾಗ ಹುಟ್ಟೇ ಇರಲಿಲ್ಲ.

ಅಷ್ಟರಾಗ ಬಂತು ನೂರಾ ನಾಲ್ಕು:
ಮುರಿಗೆಪ್ಪ ಚಿಲ್ಲಾಳ. ಅರ್ಹ.
ನಮ್ಮ ಮಾವ.
ಸತ್ತು ಹನ್ನೊಂದ ವರ್ಷ.
ಅಧಿಕಾರಿ ಹಾಜರಿ ಪುಸ್ತಕ ತಗಸಿದ.
ಐದೂ ಮಹಾಸಭೆಗೆ ಬಂದಾನ ಮಾವ,
ಐದೂ ಸಲ ಸಹಿ ಮಾಡ್ಯಾನ:
ಬಲಕ್ಕ ವಾಲಿದ ಅಕ್ಷರ, ಕೆಳಗೊಂದು ಗೀಟು, ಎರಡು ಚುಕ್ಕಿ.
ಬದುಕಿದ್ದಾಗ ಆ ಮನಶ್ಯಾ
ಹೆಬ್ಬೆಟ್ಟ ಒತ್ತಿ ಬೆರಳ ಗ್ವಾಡಿಗೆ ಒರಸಾಂವ.
ಪಡಸಾಲಿ ಸುಣ್ಣದಾಗ ಇನ್ನೂ ಐತಿ ಒಂದು ನೀಲಿ ಗುರುತು.
ಸತ್ತ ಮ್ಯಾಲ ಸಾಲೀಗೆ ಹೋದನೇನು?

ಮಂದಿ ನಕ್ಕರು.
ನನಗ ಕಿವಿ ಬಿಸಿ ಆದವು.
ದೀಪಾವಳಿಗೊಮ್ಮೆ ಆ ನೂರಾ ನಾಲ್ಕಕ್ಕ
ಲಾಭಾಂಶದ ನೂರಿಪ್ಪತ್ತು ರೂಪಾಯಿ, ಒಂದು ಸ್ಟೀಲ್ ಡಬ್ಬಿ.
ಇಸಗೊಂಡಾಕಿ ನಾನು.
ಹನ್ನೊಂದು ಡಬ್ಬಿ: ಒಂದರಾಗ ಸಕ್ರಿ, ಒಂದರಾಗ ಜೀರಗಿ,
ಒಂದರಾಗ ಮಾವನ ಚಾಳೀಸ.
"ಹೋದಾಂವ ಪಟ್ಟ್ಯಾಗರ ಇರಲಿ ಬಿಡಬೇ" ಅಂದಿದ್ದ ಹುಚ್ಚೇಶ.
ಬಿಟ್ಟಿದ್ದೆ.
ನನ್ನ ಹೆಸರ ಕಡದಾಗ ನನಗ ಪಟ್ಟಿ ನೆನಪಾತು.

ಹುಚ್ಚೇಶ ನನ್ನ ಕಡೆ ನೋಡಿದ,
ಹೇಳಲೇನು ಅನ್ನೂ ಕಣ್ಣು.
ಅವ ಬಾಯಿ ತಗಿಯೂ ಮೊದಲ ನಾನ ಹೇಳಿದೆ,
ಕಟ್ಟಿ ಮ್ಯಾಲ ಹತ್ತಲಿಲ್ಲ, ನಿಂತಲ್ಲೇ.
ಡಬ್ಬಿ ಎಷ್ಟು ಅಂತನೂ ಹೇಳಿದೆ.
ಈ ಸಲ ಯಾರೂ ನಗಲಿಲ್ಲ.
ಮೂರ್ನಾಕ ಮಂದಿ ನೆಲ ನೋಡಿದರು;
ಅವರ ಮನ್ಯಾಗೂ ಡಬ್ಬಿ ಇದ್ದಾವು.

ಮೂವತ್ತೊಂಬತ್ತು ಹೆಸರು ಹೋದವು, ಅರವತ್ತು ತಿರುಗಿ ಬಂದವು.
ಆರಿಸಿ ಬಂದವರ ಬಗ್ಗೆ ಕೇಳಬ್ಯಾಡ್ರಿ:
ಹನ್ನೊಂದರಾಗ ಏಳು ಮಂದಿ ಹಳಬರ.
ಅಧ್ಯಕ್ಷರೂ ಅವರ. ಯಾಲಕ್ಕೀನೂ ಅದ.
ಪಟ್ಟಿ ಮಾತ್ರ ಈಗ ಹೊರಗಿನ ಗ್ವಾಡಿಗೆ ಐತಿ,
ಆಡು ಒಂದು ಮೂಲಿ ತಿಂದೈತಿ.

ಹತ್ತು ಡಬ್ಬಿ ತೊಳದು ತಿರುಗಿ ಕೊಟ್ಟೆ.
ಚಾಳೀಸದ್ದು ಇಟಗೊಂಡೆ,
ಅದರ ರೊಕ್ಕ, ಲಾಭಾಂಶದ ರೊಕ್ಕ ಎಲ್ಲಾ ಕಟ್ಟಿ ರಶೀದಿ ಕೇಳಿದೆ.
ಹುಚ್ಚೇಶ ಹರದು ಕೊಟ್ಟ.
ಮನೀಗೆ ಬಂದು ಬೆಳಕಿಗೆ ಹಿಡದು ನೋಡಿದೆ ಅವನ ಸಹಿ:
ಬಲಕ್ಕ ವಾಲಿದ ಅಕ್ಷರ,
ಕೆಳಗೊಂದು ಗೀಟು,
ಎರಡು ಚುಕ್ಕಿ.