ಭತ್ತದ ಬೀಗ

ಮತ್ಸುಮೊತೊ, ನವೆಂಬರ್. ಬೆಳಗಿನ ಜಾವ ನಾಲ್ಕೂ ಇಪ್ಪತ್ತು.
ಕಿಟಕಿಯಾಚೆ ಬೆಟ್ಟಗಳ ಮೇಲೆ ಮೊದಲ ಹಿಮ;
ಈಚೆ, ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ
ಇನ್ನೂ ಏನೂ ಆಗಿರದ ಇಲಿಕೋಶಗಳು.
ಏನು ಬೇಕಾದರೂ ಆಗಬಲ್ಲವು:
ಮೀಸೆ, ಮೂಳೆ, ಮಿಡಿವ ಗುಂಡಿಗೆ.

ಅವುಗಳ ಒಂದು ಪ್ರೋಟೀನಿಗೆ ಬಾಲ ಕಟ್ಟಿದ್ದೇನೆ,
ಬಾಲದ ತುದಿಗೆ ಹಸಿರು ದೀಪ.

ವಂಶವಾಹಿಯನ್ನೇ ಕತ್ತರಿಸಬಹುದಿತ್ತು.
ಕತ್ತರಿಸಿದರೆ ಮರಿ ಹುಟ್ಟುವುದೇ ಇಲ್ಲ;
ಹುಟ್ಟದ್ದನ್ನು ಕೇಳುವುದು ಹೇಗೆ,
ನಿನಗೇನು ಕಡಿಮೆಯಾಯಿತೆಂದು?
ಹಾಗಾಗಿ ಮೊದಲು ಇರಬೇಕು.
ಇದ್ದು, ದುಡಿದು,
ನಟ್ಟನಡುವೆ ಎದ್ದು ಹೋಗಬೇಕು,
ಕರೆದರೆ ಮರಳಬೇಕು.

ಈ ವಿದ್ಯೆ ಗಿಡಗಳದು.
ಬೆಳಕಿನತ್ತ ಬಾಗುವ ಮೊಳಕೆ
ತನ್ನೊಳಗಿನ ‘ಬೇಡ’ವನ್ನು ಮೊದಲು ಅಳಿಸುತ್ತದೆ.
ಅಳಿಸುವ ಆ ಬೀಗ ಭತ್ತದ್ದು;
ಇಲಿಯೊಳಗೆ ಕೂರಿಸಿದ್ದು ನಾವು.
ಅಜ್ಜನ ಗದ್ದೆಯಲ್ಲಿ ಈಗ ಕಾರು ನಿಲ್ಲಿಸುತ್ತಾರೆ.
ನಮ್ಮ ಮನೆಗೆ ಉಳಿದ ಭತ್ತ
ಇಷ್ಟೇ, ಇಲ್ಲಿ.

ಮೊದಲ ವರ್ಷ ಬೀಗ ಸೋರುತ್ತಿತ್ತು.
ಕೀಲಿ ಹಾಕುವ ಮುಂಚೆಯೇ ದೀಪ ಮಂಕು.
ಹೋಗು ಎಂದು ಯಾರೂ ಅನ್ನದೆ
ಹೋಗುತ್ತಲೇ ಇತ್ತು, ದಿನಕ್ಕಿಷ್ಟು.
ಪಂಜರ ತೊಳೆಯುತ್ತಿದ್ದ ನುಕಾದಾ-ಸಾನ್ ನಕ್ಕರು:
“ನಮ್ಮ ಭಾವನೂ ಹೀಗೇ.
ಮನೆ ಬಿಟ್ಟ ದಿನ ಯಾವುದೆಂದು
ಇವತ್ತಿಗೂ ಅಕ್ಕನಿಗೆ ಹೇಳಲಾಗುವುದಿಲ್ಲ.”

ಆಮೇಲೆ ಬೀಗದ ಬಾಯಿಯಲ್ಲಿ
ಒಂದೇ ಒಂದು ಇಟ್ಟಿಗೆ ಬದಲಿಸಿದೆವು,
ಕೀಲಿಗೆ ಅದಕ್ಕೆ ತಕ್ಕ ಗೂನು.
ಈಗ ಸೋರುವುದಿಲ್ಲ. ನಾನು ಹೇಳಿದಾಗ ಮಾತ್ರ.

ಹೇಳಿದೆ. ಒಂದು ತೊಟ್ಟು.
ಕೋಶದೊಳಗೆ ಯಾರೋ ಬೆನ್ನಿಗೆ ಮುದ್ರೆ ಒತ್ತುತ್ತಾರೆ,
ಯಾರೋ ಕಾಣದ ಒರಳಿಗೆ ನೂಕುತ್ತಾರೆ.
ಐದು ನಿಮಿಷ, ಹತ್ತು; ಚಹಾ ಆರಿತು.
ಐವತ್ತಕ್ಕೆ ಕತ್ತಲೆ.
ಸದ್ದಿಲ್ಲ. ಕೋಶಗಳು ಇದ್ದ ಹಾಗೇ ಇವೆ,
ದುಂಡಗೆ, ಒತ್ತೊತ್ತಾಗಿ,
ಮನೆಯ ಹಿರಿಯರೊಬ್ಬರು ಎದ್ದು ಹೋದದ್ದು
ಊಟದ ಸಾಲಿಗೆ ಇನ್ನೂ ತಿಳಿದಿಲ್ಲ.

ಮೂರನೆಯ ದಿನ ತೊಳೆದೆ. ಸಂಜೆಯೊಳಗೆ ದೀಪ ಬಂತು.
ಕೋಶಗಳು ಬರಲಿಲ್ಲ.
ಆ ಎರಡು ರಾತ್ರಿಗಳಲ್ಲಿ ಕೆಲವು
ನರವಾಗುವುದೆಂದು ನಿರ್ಧರಿಸಿಬಿಟ್ಟಿದ್ದವು;
ಉದ್ದುದ್ದ ಕೈ ಚಾಚಿ
ಏನನ್ನೋ ತಡಕುತ್ತಿದ್ದವು.
ಪ್ರೋಟೀನು ಮರಳಬಹುದು.
ಅದಿಲ್ಲದ ಹೊತ್ತನ್ನು ಯಾವ ನೀರಿನಲ್ಲಿ ತೊಳೆಯಲಿ?
ವರದಿಯಲ್ಲಿ ಬರೆದೆ: ‘ಭಾಗಶಃ ಚೇತರಿಕೆ.’

ಇನ್ನು ಹನ್ನೆರಡನೆಯ ಪಂಜರ: ತುಂಬು ಬಸುರಿ.
ಅವಳ ಹೊಟ್ಟೆಗೆ ಸೂಜಿ, ಅವಳ ಮರಿಗಳಿಗೆ ಕೀಲಿ.
ನುಕಾದಾ-ಸಾನ್ ಅವಳನ್ನು ಅಂಗೈಯಲ್ಲಿ ಹಿಡಿದುಕೊಡುತ್ತಾರೆ,
ಬಿಸಿ ಬಟ್ಟಲು ಕೊಡುವ ಹಾಗೆ.
ಮೂವತ್ತೊಂದು ವರ್ಷ. ಒಂದೂ ಕಚ್ಚಿಲ್ಲವಂತೆ.

ಅದಕ್ಕೂ ಮೊದಲು ಇವತ್ತು ಕಲ್ಲಿನ ಪೂಜೆ.
ಕಟ್ಟಡದ ಹಿಂದೆ, ಸೈಕಲ್ಲುಗಳ ಪಕ್ಕ,
ಪ್ರಯೋಗದ ಪ್ರಾಣಿಗಳಿಗೆಂದು ನಿಲ್ಲಿಸಿದ ಕಲ್ಲು.
ನಿರ್ದೇಶಕರ ಎರಡು ಮಾತು, ಬಿಳಿ ಸೇವಂತಿಗೆ, ಧೂಪ,
ಚಳಿಗೆ ಸಾಲಿನಲ್ಲಿ ಕಾಲು ಬದಲಿಸುವ ವಿದ್ಯಾರ್ಥಿಗಳು.
ನುಕಾದಾ-ಸಾನ್ ಜೇಬಿನಿಂದ ಒಂದು ಮುಷ್ಟಿ ಅಕ್ಕಿ ತೆಗೆದು
ಕಲ್ಲಿನ ಬುಡಕ್ಕೆ ಸುರಿದರು.
ಯಾರ ಅನ್ನದ ಋಣ ಯಾರ ಮೇಲೆ?
ಕೇಳಲಿಲ್ಲ. ಭತ್ತ ಅವುಗಳೊಳಗೇ ಇತ್ತಲ್ಲ.

“ಪಾಲಿಶ್ ಮಾಡಿದ್ದಲ್ಲ,” ಅಂದರು, ಮೆಲ್ಲಗೆ,
“ಹಿಮ ಬೀಳದಿದ್ದರೆ ಮೊಳೆಯುತ್ತದೆ.”

ನಾನು ಗಡಿಯಾರ ನೋಡಿದೆ.
ಹನ್ನೆರಡನೆಯ ಪಂಜರದ ಹೊತ್ತಾಗಿತ್ತು.